ಭಜನಾ ಮಂದಿರದ ಜಗಲಿಯಲ್ಲಿ ನನ್ನನ್ನು ಕೂರಿಸಿದ ಬಗ್ಗೆ

ಓದುಗ ಮಹನೀಯರಲ್ಲಿ ಸವಿನಯ ವಿನಂತಿ. ಇದು ನನ್ನ ಮೊದಲ ಬರಹ. ಮಾತ್ರೆಗಳಿಂದ ಕೈ ನಡುಗುವ ಕಾರಣ ಅಕ್ಷರ ಅಂದವಾಗಿಲ್ಲ, ಕಾಗುಣಿತವೂ ತಪ್ಪಿರಬಹುದು, ಮನ್ನಿಸಬೇಕು.

ನಾನು ಕಾಪುವಿನ ನಿವಾಸಿ, ಇಬ್ಬರು ಮಕ್ಕಳ ತಾಯಿ. ಕರುಳಿನ ದೀರ್ಘಕಾಲದ ಕಾಯಿಲೆಯಿಂದಾಗಿ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಈಗ ಮಲವು ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ಸಂಗ್ರಹವಾಗುತ್ತದೆ. ಬರೆಯಲು ಸಂಕೋಚವಾದರೂ ಬರೆಯದೆ ವಿಷಯ ತಿಳಿಯದು. ಶುಕ್ರವಾರ ಸಂಜೆ ಭಜನಾ ಮಂದಿರದಲ್ಲಿ ತಾಳ ಹಿಡಿದು ಹಾಡುವ ಒಂದು ಗಂಟೆ ಮಾತ್ರ ನನಗೆ ಹೊಟ್ಟೆಯ ನೆನಪಿರುವುದಿಲ್ಲ. ಆ ಗಂಟೆಯ ಬಲದಿಂದಲೇ ಉಳಿದ ವಾರ ಮಕ್ಕಳ ಎದುರು ಅಳದೆ ಅಡುಗೆ ಮಾಡುತ್ತೇನೆ.

ಚೀಲದ ಸಂಗತಿ ಮಂದಿರದವರಿಗೆ ತಿಳಿದ ದಿನ ಭಜನೆಯ ಹಿರಿಯ ಮಹಿಳೆಯೊಬ್ಬರು ನನ್ನನ್ನು ಬಾಗಿಲಲ್ಲಿಯೇ ತಡೆದರು.

“ನೀವು ಜಗಲಿಯಲ್ಲಿ ಕೂತುಕೊಳ್ಳಿ, ಆಯ್ತಾ? ಅದನ್ನು ಕಟ್ಟಿಕೊಂಡು ಒಳಗೆ ಬರುವುದು ಎಂತ ಚಂದ? ದೇವರಿಗೆ ಅಲ್ಲಿಂದಲೂ ಕೇಳ್ತದೆ.”

“ಆಯ್ತು ಅಕ್ಕ, ತಪ್ಪಾಯ್ತು” ಎಂದೆ. ಅವರ ಮಾತಿಗಿಂತ ನನ್ನ ಈ ಉತ್ತರವೇ ನನಗೆ ಹೆಚ್ಚು ಹೇಸಿಗೆ ತರಿಸುತ್ತದೆ. ಎರಡು ವಾರ ಚಪ್ಪಲಿಗಳ ಪಕ್ಕ ಕುಳಿತು ಹಾಡಿದೆ. ಮೂರನೆಯ ವಾರ, ಚೀಲ ಖಾಲಿಯಿದ್ದರೆ ಒಳಗೆ ಬಿಟ್ಟಾರೆಂದು ಬುಧವಾರದಿಂದಲೇ ಊಟ ಬಿಟ್ಟು, ನೀರನ್ನೂ ಕಡಿಮೆ ಮಾಡಿದೆ. ಶುಕ್ರವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆ, ಮಗಳು ಕಿರುಚಿದಳು. ಭಜನೆಯ ಹೊತ್ತಿಗೆ ನಾನು ಮಣಿಪಾಲದಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದೆ.

“ಉಪವಾಸ ಯಾವ ದೇವರಿಗೆ ಅಮ್ಮ?” ಎಂದು ನರ್ಸ್ ಕೇಳಿದರು.

“ದೇವರಿಗಲ್ಲ ಸಿಸ್ಟರ್, ಭಜನೆಯ ಅಕ್ಕನಿಗೆ.”

ಅವರು ನಗಲಿಲ್ಲ. “ಇನ್ನೊಮ್ಮೆ ಹೀಗೆ ಮಾಡಿದ್ರೆ ಕಿಡ್ನಿ ಹೋಗ್ತದೆ. ಮಕ್ಕಳು ಉಂಟಲ್ವಾ ನಿಮಗೆ?”

ಮುಂದಿನ ಶುಕ್ರವಾರ ಗಂಜಿ ಉಂಡು ಹೋಗಿ ನೇರವಾಗಿ ಒಳಗೆ ಕುಳಿತೆ. ಆ ಮಹಿಳೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಎಂತ ಇದು? ಹೇಳಿದ್ದು ಮರೆತುಹೋಯ್ತಾ?”

“ನಿಮ್ಮ ಹೊಟ್ಟೆಯಲ್ಲಿ ಇರುವುದೇ ನನ್ನ ಚೀಲದಲ್ಲಿ ಇರುವುದು ಮಾರಾಯ್ರೆ. ನಿಮ್ಮದನ್ನು ಜಗಲಿಯಲ್ಲಿ ಬಿಟ್ಟು ಬಂದ್ರಾ?”

ಹಿಂದೆ ಯಾರೋ ಕಿಸಕ್ಕೆಂದರು. ಆ ಅಕ್ಕ ಎದ್ದು ಕಿಟಕಿಯ ಬಳಿಗೆ ಹೋದರು. ಅವರ ಹಿಂದೆ ಇನ್ನಿಬ್ಬರು. ಉಳಿದವರಲ್ಲಿ ಒಬ್ಬರೂ “ಇರಲಿ, ಕೂತುಕೊಳ್ಳಿ” ಎನ್ನಲಿಲ್ಲ. ಪುಸ್ತಕದಲ್ಲಿ ಹಾಡು ಹುಡುಕುವವರಂತೆ ತಲೆ ತಗ್ಗಿಸಿಕೊಂಡರು. ಮೂಗು ಮುಚ್ಚಿದವರಿಗಿಂತ ಇವರನ್ನು ಕಂಡೇ ನನಗೆ ವಾಕರಿಕೆ ಬಂತು.

ತಾಳ ತೆಗೆದುಕೊಂಡೆ. ಹಾಡಿನ ನಡುವೆ ಚೀಲ ಸದ್ದು ಮಾಡಿತು. ನಾನು ನಿಲ್ಲಿಸಲಿಲ್ಲ.

ಇಲ್ಲಿ ಕಂಡುಬರುವ ತಪ್ಪುಗಳನ್ನು ತಾವು ದಯಮಾಡಿ ತಿದ್ದಿಕೊಡಬೇಕಾಗಿ ಕೋರುತ್ತೇನೆ. ಒಳಗೆ ಹೋಗಿ ಕುಳಿತದ್ದನ್ನು ಮಾತ್ರ ಆ ಪಟ್ಟಿಗೆ ಸೇರಿಸಬಾರದು.