ಮೀನು ಬಾರದ ಗುಂಡಿ

ಅವತ್ತು ಜೀಪಿನಲ್ಲಿದ್ದವರು ನಾವು ಐದು ಜನ. ಓಡಿಸುತ್ತಿದ್ದವರು ಭಾವ, ಅವರ ಪಕ್ಕ ಅಕ್ಕ. ಹಿಂದೆ ಅಕ್ಕನ ತಾಯಿ, ಅಂದರೆ ನನ್ನ ದೊಡ್ಡಮ್ಮ; ಈ ತುದಿಗೆ ನಾನು; ನಡುವೆ ಅಕ್ಕನ ಎಂಟು ವರ್ಷದ ಮಗಳು. ಅವಳ ಬಲಗೈ ಬೆರಳುಗಳ ಮೇಲೆ ನರಹುಲಿ ಎದ್ದಿತ್ತು. ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ಮುಖ ಸಿಂಡರಿಸಿ ಬೇರೆ ಬೆಂಚಿಗೆ ಹೋಗಿದ್ದಳಂತೆ.

ಕೊಪ್ಪದ ಡಾಕ್ಟರು ನೋಡಿ, ‘ಸುಟ್ಟು ತೆಗೀಬಹುದು, ದೊಡ್ಡ ವಿಷಯ ಅಲ್ಲ’ ಅಂದಿದ್ದರು. ಡಾಕ್ಟರಿಗೆ ದೊಡ್ಡದಲ್ಲದಿರಬಹುದು. ಸುಡುವುದು ಎಂಬ ಮಾತು ಕಿವಿಗೆ ಬಿದ್ದಂದಿನಿಂದ ಮಗು ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರುತ್ತಿತ್ತು. ದೊಡ್ಡಮ್ಮನ ಬಳಿ ಬೇರೆ ಮದ್ದಿತ್ತು. ನಮ್ಮ ತಾಯಿಯ ಕಡೆಯವರಲ್ಲಿ ನರಹುಲಿಯಾದವರು ಹೊಳೆಗೆ ಅನ್ನ ಕೊಡುತ್ತಾರೆ. ಕೊಡುವುದೆಂದರೆ ಎಸೆಯುವುದಲ್ಲ. ಅಂಗೈಯಲ್ಲಿ ಅನ್ನ ಹಿಡಿದು ನೀರಿನೊಳಗೆ ಕೈ ಅದ್ದಿ ಸುಮ್ಮನೆ ಕೂರಬೇಕು. ಮೀನುಗಳು ಬಂದು ಅನ್ನ ತಿನ್ನುತ್ತವೆ, ತಿನ್ನುತ್ತಾ ನರಹುಲಿಯನ್ನೂ ಕಚ್ಚಿ ಒಯ್ಯುತ್ತವೆ. ದೊಡ್ಡಮ್ಮನಿಗೂ ಸಣ್ಣವಳಿದ್ದಾಗ ಹಾಗೆಯೇ ಹೋಗಿತ್ತಂತೆ, ನಾವು ಹೊರಟಿದ್ದ ಇದೇ ಹೊಳೆಗುಂಡಿಯಲ್ಲಿ.

‘ಯುಗಾದಿ ಒಳಗೆ ನರಹುಲಿ ಹೋದ್ರೆ ಸೈ ಅತ್ತೆ, ಇಲ್ದಿದ್ರೆ ಆಸ್ಪತ್ರೆ’ ಎಂದು ಭಾವ ಮೊದಲೇ ಷರತ್ತು ಹಾಕಿದ್ದರು.

‘ಆಗ್ಲಿ ಮಾರಾಯ್ರೇ, ಮೊದ್ಲು ಗಾಡಿ ತೆಗೀರಿ’ ಅಂದಿದ್ದರು ದೊಡ್ಡಮ್ಮ.

ಭಂಡಿಗಡಿ ದಾಟಿ ಮಣ್ಣುರಸ್ತೆಗೆ ಇಳಿದೆವು. ಶಿವರಾತ್ರಿ ಕಳೆದಿತ್ತು. ಕಾಡಿನಲ್ಲಿ ಅರ್ಧ ಮರಗಳು ಬೋಳು, ಉಳಿದರ್ಧಕ್ಕೆ ಕೆಂಪು ಚಿಗುರು. ಹೊಳೆಯ ದಾರಿಯಲ್ಲಿ ಸುರಗಿ ಬಿರಿದಿತ್ತು. ಮರ ಕಾಣುವ ಮೊದಲೇ ಜೇನಿನ ಗುಂಯ್ ಕೇಳಿಸಿತು. ಅಕ್ಕ ಗಾಡಿ ನಿಲ್ಲಿಸಲು ಹೇಳಿ, ಇಳಿದು ಉಡಿ ತುಂಬ ಮೊಗ್ಗು ಆಯ್ದುಕೊಂಡಳು. ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯಿಂದ ಗಾಳಿ ಬೀಸುವ ಸದ್ದು ಮಾಡುತ್ತಾ ತಲೆಯ ಮೇಲೆ ಹಾದುಹೋಯಿತು. ಭಾವ ಹೊಸ ಮೊಬೈಲನ್ನು ಮೇಲೆತ್ತಿ ರೇಂಜು ಹುಡುಕುತ್ತಿದ್ದರು, ಹಕ್ಕಿ ನೋಡಲಿಲ್ಲ. ‘ಅಜ್ಜಿ, ನೀರುನಾಯಿ ಇರ್ತದಾ?’ ಎಂದು ಮಗು ಕೇಳಿತು. ‘ಮೀನಿದ್ದಲ್ಲಿ ಅದೂ ಇರ್ತದೆ ಕೂಸೇ.’

ಗುಂಡಿ ಕಂಡಾಗ ಅಕ್ಕ ಕೂಗಿಯೇಬಿಟ್ಟಳು. ‘ಅಯ್ಯೋ, ನೀರು ಎಷ್ಟು ಚಂದ ಇದೆ ನೋಡೇ! ನೀಲಿ!’

ಹೌದು, ನೀಲಿಯೇ. ಬೇಸಿಗೆಯಲ್ಲಿ ಹರಿವು ಸಣಕಲಾಗಿ ಗುಂಡಿ ಹೆಚ್ಚುಕಮ್ಮಿ ನಿಂತ ನೀರು. ತಳದ ಕಲ್ಲು ಕಾಣುವಷ್ಟು ತಿಳಿ, ಅದಕ್ಕೊಂದು ತೆಳು ನೀಲಿ. ನಾನೂ ಹೊಗಳಿದೆ. ವರ್ಷವರ್ಷ ಡ್ರಮ್ಮಿನಲ್ಲಿ ಅದೇ ನೀಲಿಯನ್ನು ಕಲಸಿ ಅಡಿಕೆಗೊನೆಗೆ ಹೊಡೆಸುವ ಮನೆಯವರು ನಾವು, ದಂಡೆಯ ಮೇಲೆ ನಿಂತು ಚಂದ ಚಂದ ಎಂದೆವು! ಈಗ ನೆನೆದರೆ ಬಾಯಿಯೆಲ್ಲ ಒಗರಾಗುತ್ತದೆ.

ದೊಡ್ಡಮ್ಮ ಬುತ್ತಿ ಬಿಚ್ಚಿ, ಯಾರಿಗೂ ಬಡಿಸದೆ, ಮೊದಲ ತುತ್ತು ಅನ್ನವನ್ನು ಮಗುವಿನ ಅಂಗೈಗೆ ಹಾಕಿದರು. ಮಗು ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮಣಿಕಟ್ಟಿನವರೆಗೆ ಕೈ ಅದ್ದಿತು. ಉಸಿರನ್ನೂ ಬಿಗಿಹಿಡಿದಿತ್ತು. ಅನ್ನದ ಅಗುಳು ಒಂದೊಂದೇ ಬೆರಳ ಸಂದಿಯಿಂದ ಜಾರಿ ತಳಕ್ಕೆ ಇಳಿಯಿತು. ಯಾವುದೂ ಬರಲಿಲ್ಲ.

‘ಅಜ್ಜಿ, ಬರ್ತಾ ಇಲ್ಲ.’

‘ಬರ್ತಾವೆ, ಅಲ್ಲಾಡಿಸಬೇಡ.’

‘ಭಾನುವಾರ ಅಲ್ವಾ ಅತ್ತೆ, ರಜೆ ಹಾಕಿರಬೇಕು’ ಅಂದರು ಭಾವ.

ದೊಡ್ಡಮ್ಮ ನಗಲಿಲ್ಲ. ಇನ್ನೊಂದು ತುತ್ತು ಹಾಕಿದರು. ನಾನು ಎದ್ದು ಬಂಡೆಯ ಆಚೆ ಬದಿಗೆ ಹೋದೆ.

ಮೊದಲು ಬಂದದ್ದು ವಾಸನೆ. ಆಮೇಲೆ ನೊಣ. ಬಂಡೆಯ ಹಿಂದೆ, ಬೇರುಗಳು ನೀರಿಗಿಳಿದಲ್ಲಿ, ಮೀನುಗಳು ಹೊಟ್ಟೆ ಮೇಲಾಗಿ ಒತ್ತೊತ್ತಿ ನಿಂತಿದ್ದವು. ದೊಡ್ಡವನ್ನು ಯಾರೋ ಆಗಲೇ ಆರಿಸಿಕೊಂಡಿದ್ದರು. ಉಳಿದದ್ದು ಬೆರಳುದ್ದದವು, ಉಗುರುದ್ದದವು, ಇನ್ನೂ ಮೀನೆಂದು ಹೆಸರು ಹೇಳಲಾಗದ ಎಳೆಮರಿಗಳು. ಕಣ್ಣುಗಳೆಲ್ಲ ಬೆಂದ ಅಕ್ಕಿಯ ಬಣ್ಣ. ಒಂದು ಏಡಿ ಕಾಲು ಮಡಚಿ ಸತ್ತಿತ್ತು. ನಡುವೆ ತೇಲುವ ಕೋಳಿಪುಕ್ಕ, ಕುಡಿದು ಬಿಸಾಕಿದ ಸಾರಾಯಿ ಪ್ಯಾಕೆಟ್ಟು, ಎಂಜಲು ಮೆತ್ತಿದ ಥರ್ಮಾಕೋಲ್ ತಟ್ಟೆ. ಅವೆಲ್ಲದರ ಜೊತೆ ಬಾಯಿ ಹರಿದ ಪ್ಲಾಸ್ಟಿಕ್ ಚೀಲ, ಅದರ ಮೂಲೆಯಲ್ಲಿ ನೀಲಿ ಹರಳು. ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ತಂದು ಮಿಕ್ಕಿದ್ದನ್ನು ಹೊಳೆಗೆ ಸುರಿದಿದ್ದರು, ಮೀನು ಸುಲಭಕ್ಕೆ ಸಿಗಲೆಂದು.

‘ಕೈ ತೆಗೀಸಿ! ದೊಡ್ಡಮ್ಮಾ, ಅದರ ಕೈ ತೆಗೀಸಿ!’

ದೊಡ್ಡಮ್ಮ ಏನೆಂದು ಕೇಳಲಿಲ್ಲ; ನನ್ನ ದನಿ ಸಾಕಾಗಿತ್ತು. ಮಗುವನ್ನು ರೆಟ್ಟೆ ಹಿಡಿದು ಎಳೆದರು. ಕುಡಿಯಲು ತಂದಿದ್ದ ಕ್ಯಾನಿನ ನೀರನ್ನೆಲ್ಲ ಸುರಿದು ಆ ಕೈಯನ್ನು ತಿಕ್ಕಿದರು. ಬುತ್ತಿಯ ಮುಚ್ಚಳ ಮುಚ್ಚಿದರು. ಮಗು ಬಂಡೆ ಸುತ್ತಿ ಬಂದು ನೋಡಿತು, ನಾವು ತಡೆಯುವಷ್ಟರಲ್ಲಿ.

‘ಇವೇನಾ ಅಜ್ಜಿ, ನನ್ನ ಮೀನು?’



ಅಷ್ಟರಲ್ಲಿ ಮೇಲಿನ ಗುಂಡಿಯ ಕಡೆಯಿಂದ ಮೂವರು ಗಂಡಸರು ಚೀಲ ಹೊತ್ತು ಇಳಿದರು. ಬೆರಳ ತುದಿಗಳು ನೀಲಿ. ಭಾವನಿಗೆ ಜಯಪುರದ ಪೇಟೆಯ ಪರಿಚಯ.

‘ಓಹೋ, ಫ್ಯಾಮಿಲಿ ಟೂರಾ ಮಾರಾಯ್ರೇ? ಬೆಳಿಗ್ಗೆನೇ ಬರಬೇಕಿತ್ತು, ಮೀನು ಹೆಂಗೆ ಎದ್ದವು ಗೊತ್ತಾ!’ ಎಂದ ಒಬ್ಬ. ಇನ್ನೊಬ್ಬ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದ. ಮೂರನೆಯವ ಏನೂ ಕೇಳದೆ, ಮದುವೆಮನೆಯಲ್ಲಿ ತಾಂಬೂಲ ಕೊಡುವ ಧಾಟಿಯಲ್ಲಿ, ಒಂದು ಚೀಲವನ್ನು ಭಾವನ ಕೈಗಿಟ್ಟ.

ಬೈಯುತ್ತಾರೆ ಅಂದುಕೊಂಡೆ. ನಮ್ಮ ಭಾವ ನಕ್ಕರು. ‘ಛೆ, ಇಷ್ಟೆಲ್ಲ ಎಂತಕ್ಕೆ’ ಎಂದು ನಕ್ಕು ತೆಗೆದುಕೊಂಡರು! ಆ ಚೀಲದ ತಳದಿಂದ ತೊಟ್ಟಿಕ್ಕುತ್ತಿದ್ದ ನೀರಿಗಿಂತ ನನಗೆ ಆ ನಗು ಹೇಸಿಗೆಯೆನಿಸಿತು. ಸುರಿದವರದ್ದು ಸರಿ, ಅವರು ಹಾಗೇ ಎಂದುಕೊಳ್ಳಬಹುದು. ಮನೆಯ ಅನ್ನ ಉಂಡು, ಮಗಳ ಕೈ ಕಂಡು, ಆ ಚೀಲಕ್ಕೆ ಕೈಯೊಡ್ಡಿದರಲ್ಲ!

‘ಅದನ್ನ ಎಸೀರಿ’ ಅಂದಳು ಅಕ್ಕ.

‘ಸತ್ತಿದ್ದು ಸತ್ತಾಯ್ತು ಕಣೇ. ನಾವು ಬಿಟ್ರೆ ಬದುಕ್ತಾವಾ? ತೊಳೆದು ಹುಳಿ ಹಾಕಿದ್ರೆ ಎಂತದೂ ಆಗಲ್ಲ.’

‘ಅಳಿಯಂದಿರೇ,’ ದೊಡ್ಡಮ್ಮ ಮೊದಲ ಸಲ ಅವರ ಮುಖ ನೋಡಿ ಹೇಳಿದರು, ‘ಅದು ಗಾಡಿ ಹತ್ತಿದ್ರೆ ನಾನು ಹತ್ತಲ್ಲ.’

‘ಹೋಗ್ಲಿ ಬಿಡಿ ಅತ್ತೆ, ಕೊಟ್ಟಿದ್ದು ಬೇಡ ಅಂದ್ರೆ ಅವ್ರು ಎಂತ ತಿಳ್ಕೋತಾರೆ?’

ಅವರು ಏನು ತಿಳಿದುಕೊಳ್ಳುತ್ತಾರೆ! ಹೊಳೆ ಕೊಂದವರ ಮನಸ್ಸು ನೋಯಬಾರದಂತೆ. ದೊಡ್ಡಮ್ಮ ಬುತ್ತಿಪಾತ್ರೆ ಸೊಂಟಕ್ಕಿಟ್ಟುಕೊಂಡು, ಮೊಮ್ಮಗಳ ಕೈ ಹಿಡಿದು, ಬಂದ ದಾರಿಯಲ್ಲೇ ಏರು ಹತ್ತಿದರು. ನಾನೂ ಅಕ್ಕನೂ ಹಿಂದೆ ಹೋದೆವು. ಬಿಸಿಲಿಗೆ ಅಕ್ಕನ ಉಡಿಯ ಸುರಗಿ ಘಮ್ಮೆನ್ನುತ್ತಿತ್ತು. ನನ್ನ ಮೂಗಿನಲ್ಲಿ ಇನ್ನೂ ಆ ಬೇರಿನಡಿಯದೇ ನಾತ. ಜೀಪು ನಮ್ಮನ್ನು ದಾಟಿ ಮುಂದೆ ನಿಂತಿತು. ಭಾವ ಹಾರ್ನ್ ಹಾಕಿದರು. ಯಾರೂ ಹತ್ತಲಿಲ್ಲ. ಧೂಳೆಬ್ಬಿಸಿ ಹೊರಟೇಹೋದರು. ನಾವು ಟಾರು ರಸ್ತೆಗೆ ಬಂದು, ಮರದಡಿ ಕೂತು, ಕೊನೆಗೆ ಸಿಕ್ಕಿದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ದೊಡ್ಡಮ್ಮ, ‘ಶೃಂಗೇರಿಗೆ ಹೋಗಣ ಕೂಸೇ, ಅಲ್ಲಿನ ಮೀನು ಯಾರೂ ಮುಟ್ಟಲ್ಲ, ಎಷ್ಟು ದಪ್ಪ ಇದಾವೆ ಗೊತ್ತಾ’ ಎಂದು ಮೆಲ್ಲಗೆ ಪುಸಲಾಯಿಸಿದರು.

‘ಬೇಡ. ನಾನು ನೀರಿಗೆ ಕೈ ಹಾಕಲ್ಲ.’

‘ಮತ್ತೆ ನರಹುಲಿ?’

‘ಡಾಕ್ಟರ ಹತ್ರ ಹೋಗ್ತೀನಿ.’

ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮುಂದಿನ ವಾರ ಅಕ್ಕನೂ ನಾನೂ ಅವಳನ್ನು ಕೊಪ್ಪಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಮರಗಟ್ಟಿಸುವ ಸೂಜಿ ಕೊಟ್ಟು ಒಂದೊಂದನ್ನೇ ಸುಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ಅತ್ತಳು. ಮಗು ಅಳಲಿಲ್ಲ. ಬ್ಯಾಂಡೇಜು ಕಟ್ಟಿಸಿಕೊಂಡು ಬಂದು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಡಗೈಯಲ್ಲಿ ಮಸಾಲೆದೋಸೆ ತಿಂದಿತು.