ಮೆನುವಿನಲ್ಲಿ ಕಾಣೆಯಾದ ‘ಮಾತು’

ನಮ್ಮ ಅತ್ತಿಗೆಗೆ ನಾನಿಟ್ಟ ಹೆಸರು ‘ಪೊಟ್ಟಣದ ಅತ್ತಿಗೆ’. ಹೊಟ್ಟೆಪಾಡಿಗೆ ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾರೆ. ಅದಕ್ಕೂ ಮುಂಚೆ, ದಿನಾ ಬೆಳಿಗ್ಗೆ, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಬಿಟ್ಟಿ ಚಾಕರಿ ಮಾಡುತ್ತಾರೆ.

ಆ ಚಾಕರಿ ಏನೆಂದು ನನ್ನ ಮಂಡೆಗೆ ಹೋಗಲು ಬಹಳ ಕಾಲ ಹಿಡಿಯಿತು. ಯಾರೋ ಪುಣ್ಯಾತ್ಮರು ಒಂದು ತಂತ್ರಾಂಶ ಬರೆದು ಪುಕ್ಕಟೆ ಬಿಟ್ಟಿದ್ದಾರೆ. ಮಾತು ಹೋದವರು ಪರದೆಯ ಮೇಲಿನ ಚಿತ್ರವನ್ನೋ ಅಕ್ಷರವನ್ನೋ ಒತ್ತಿದರೆ ಕಂಪ್ಯೂಟರ್ ಅವರ ಪರವಾಗಿ ಮಾತಾಡುತ್ತದೆ. ಆದರೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯಲ್ಲಿ ಹತ್ತಾರು ಬಗೆ, ಒಂದೊಂದಕ್ಕೂ ಒಂದೊಂದು ಹಟ. ಅಷ್ಟಕ್ಕೂ ಹೊಂದುವಂತೆ ಅದನ್ನು ಪೊಟ್ಟಣ ಕಟ್ಟಿ ಕೊಡುವವರು ಅತ್ತಿಗೆ. ಜೊತೆಗೆ ಒಂದು ಪುಟ್ಟ ಫೈಲು ಇಡಬೇಕು: ಮೆನುವಿನಲ್ಲಿ ಯಾವ ಹೆಸರು, ಯಾವ ಚಿತ್ರ, ಒತ್ತಿದರೆ ಏನು ತೆರೆಯಬೇಕು ಎಂಬ ನಾಲ್ಕಾರು ಸಾಲು. ಅದು ತಪ್ಪಿದರೆ ತಂತ್ರಾಂಶ ಒಳಗೇ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ನೋಡಿಕೊಳ್ಳುತ್ತಿದ್ದವರು ಕೈಚೆಲ್ಲಿದಾಗ ಅತ್ತಿಗೆ ಅವರಿವರನ್ನು ಕೇಳಿ, ಎಡವಿ, ಕಲಿತು ಅದನ್ನು ಮೈಮೇಲೆ ಹಾಕಿಕೊಂಡರು. ಕಾರಣ ನಮ್ಮಪ್ಪ. ಲಕ್ವ ಹೊಡೆದ ಮೇಲೆ ಅಪ್ಪನ ಬಾಯಿ ಎಂದರೆ ಆ ತಂತ್ರಾಂಶವೇ. ಮೆನುವಿನಲ್ಲಿ ಅತ್ತಿಗೆ ಅದಕ್ಕಿಟ್ಟ ಹೆಸರು ‘ಮಾತು’.

ಅವತ್ತು ಬೆಳಿಗ್ಗೆ ಅಪ್ಪನ ಕಂಪ್ಯೂಟರ್ ಅತ್ತಿಗೆಯೇ ಕಟ್ಟಿದ ಹೊಸ ಆವೃತ್ತಿಯನ್ನು ಇಳಿಸಿಕೊಂಡಿತ್ತು. ಅತ್ತಿಗೆ ಚಪ್ಪಲಿ ಮೆಟ್ಟಿ ಹೊರಟಿದ್ದರು. ಅಪ್ಪ ಅವರ ಕೈ ಹಿಡಿದು ಎಳೆದುತಂದು, ಬೆರಳನ್ನು ಪರದೆಯ ಖಾಲಿ ಜಾಗದ ಮೇಲಿಟ್ಟರು. ‘ಮಾತು’ ಇರಲಿಲ್ಲ. ಏನಾಯಿತೆಂದು ಹೇಳೋಣವೆಂದರೆ ಹೇಳುವ ಬಾಯೇ ಮಾಯ. ಅಪ್ಪನ ಕಣ್ಣು ತುಂಬಿತ್ತು.

ಅತ್ತಿಗೆ ಫೈಲು ತೆರೆದು ತಲೆ ಚಚ್ಚಿಕೊಂಡರು. ಎಲ್ಲೋ ಕೂತ ಒಬ್ಬ ಉತ್ಸಾಹಿ ಅನುವಾದಕ, ಮೆನುವಿನ ಹೆಸರಿನ ಜೊತೆಗೆ, ಒತ್ತಿದಾಗ ಯಂತ್ರ ಹುಡುಕಿ ತೆರೆಯಬೇಕಾದ ಆದೇಶದ ಹೆಸರನ್ನೂ ಅಚ್ಚಗನ್ನಡಕ್ಕೆ ತಿರುಗಿಸಿಬಿಟ್ಟಿದ್ದ! ಆ ಹೆಸರಿನದು ಯಂತ್ರಕ್ಕೆ ಸಿಗಲಿಲ್ಲ, ಮೆನುವಿನಿಂದಲೇ ಕಿತ್ತುಹಾಕಿತು.

“ನೀವು ನೋಡ್ಲಿಲ್ವಾ ಅತ್ತಿಗೆ?” ಎಂದೆ.

“ನೋಡ್ದೆ ಕಣೋ. ಆದ್ರೆ ಆದೇಶ ಟೈಪ್ ಮಾಡಿ ತೆರೆದು ನೋಡ್ದೆ. ನಮ್ಮಂಥೋರು ಮೆನು ಕಡೆ ಹೋದ್ರೆ ತಾನೆ!”

ಮನೆಯ ಕಂಪ್ಯೂಟರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸರಿಹೋಯಿತು. ಆದರೆ ಅತ್ತಿಗೆ ಏಳಲಿಲ್ಲ. ಅಂಗಡಿಯಿಂದ ಫೋನು ಬಂತು, ಅಣ್ಣನ ಮುಖ ಊದಿಕೊಂಡಿತು.

“ನಮ್ಮನೇದು ಸರಿಹೋಯ್ತಲ್ಲ, ಎದ್ದು ಹೊರಡು. ಬೇರೆ ಯಾರೂ ದೂರು ಕೊಟ್ಟಿಲ್ವಲ್ಲ.”

“ಹೇಗ್ರೀ ಕೊಡ್ತಾರೆ?” ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. “ಅವರ ಬಾಯನ್ನೇ ನಾನು ಮುಚ್ಚಿ ಕೂರಿಸಿದೀನಿ.”

ಅಂಗಡಿಯವರಿಗೆ ಅರ್ಧ ದಿನ ರಜೆ ಹೇಳಿ ಅತ್ತಿಗೆ ಒಂದೊಂದೇ ಬಗೆಗೆ ಪೊಟ್ಟಣ ಮತ್ತೆ ಕಟ್ಟಿದರು. ಪ್ರತಿಯೊಂದನ್ನೂ ಈ ಸಲ ಮೆನುವಿನಿಂದಲೇ ತೆರೆದು ನೋಡಿದರು. ನಾನಾಗಿದ್ದರೆ ಆ ಅನುವಾದಕನ ಜನ್ಮ ಜಾಲಾಡುತ್ತಿದ್ದೆ. ಅತ್ತಿಗೆ ಅವನಿಗೆ ಬರೆದದ್ದು ಇಷ್ಟೇ: “ನಿಮ್ಮ ಕನ್ನಡ ಚೆನ್ನಾಗಿದೆ. ಆ ಒಂದು ಸಾಲನ್ನು ಮಾತ್ರ ಓದೋದು ಯಂತ್ರ, ಅದಕ್ಕೆ ಕನ್ನಡ ಬರಲ್ಲ.” ಇಂಥವರು ನಮ್ಮ ಮನೆಯಲ್ಲಿದ್ದಾರೆಂದು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಕೊನೆಯ ಪೊಟ್ಟಣ ಇಂಟರ್ನೆಟ್ಟಿಗೇರಿದ ಮೇಲೆ ಅಪ್ಪ ಅಕ್ಷರ ಅಕ್ಷರ ಒತ್ತಿದರು. ಕಂಪ್ಯೂಟರ್ ತನ್ನ ಒಣ ದನಿಯಲ್ಲಿ ಹೇಳಿತು: “ಊಟ ಮಾಡಿ ಹೋಗಮ್ಮ.”

ಸಂಜೆ ಅತ್ತಿಗೆಯ ಫೋನಿಗೆ ಗುರುತಿಲ್ಲದ ಯಾರಿಂದಲೋ ಒಂದು ಸಂದೇಶ ಬಂತು. ಅಪ್ಪನಿಗೂ ಕೇಳಲಿ ಎಂದು ಅವರು ಗಟ್ಟಿಯಾಗಿ ಓದಿದರು: “ಬೆಳಿಗ್ಗೆಯಿಂದ ಮನೆ ಬಿಕೋ ಅಂತಿತ್ತು. ಈಗ ನಮ್ಮಮ್ಮ ಮತ್ತೆ ನನ್ನ ಬೈಯೋಕೆ ಶುರು ಮಾಡಿದಾರೆ. ಥ್ಯಾಂಕ್ಸ್ ಮೇಡಂ.”