ಅಡಿಗಲ್ಲಿನ ತಳದ ಗುರುತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯಲ್ಲೂ ಅಂತಾರೆ, ಪೀಣ್ಯದಲ್ಲಿ ನಾನು ಕೆಲಸ ಮಾಡುವ ಟೂಲ್‌ರೂಮಿನಲ್ಲೂ ಅಂತಾರೆ. ಆದರೆ ಆ ಭಾನುವಾರ ನನಗೆ ಬಂದದ್ದು ಬರೀ ಸಿಟ್ಟಲ್ಲ.

ಅಪ್ಪನ ಕುಲುಮೆ ಲಗ್ಗೆರೆಯ ಒಂದು ಶೀಟಿನ ಶೆಡ್ಡಿನಲ್ಲಿತ್ತು. ಗದಗದ ಕಡೆಯ ಊರು ಬಿಡುವಾಗ ಪಾತ್ರೆಪಡಗ ಬಿಟ್ಟು ಬಂದ, ಅಡಿಗಲ್ಲನ್ನು ಬಿಡಲಿಲ್ಲ. ಕಾದ ಕಬ್ಬಿಣ ಇಟ್ಟು ಬಡಿಯುವ ಆ ಕಬ್ಬಿಣದ ದಿಮ್ಮಿ, ಕೂತಿದ್ದ ಹುಣಸೆ ಕೊರಡಿನ ಸಮೇತ ಲಾರಿ ಹತ್ತಿ ಬಂತು. ಅದು ನಮ್ಮಜ್ಜ ಮಾಡಿದ್ದು. ಹಾರೆ ಚೂಪು ಮಾಡಿಸಲು ಬರುವ ಗಾರೆ ಕೆಲಸದವರಿಗೂ ಅಪ್ಪ ಈ ಮಾತು ಹೇಳದೆ ಕಳಿಸುತ್ತಿರಲಿಲ್ಲ.

ಅದಕ್ಕೊಂದು ನೇಮವಿತ್ತು. ಹೆಂಗಸರು ಮುಟ್ಟಬಾರದು. ತಿದಿ ಒತ್ತಬಹುದು, ಇದ್ದಿಲು ಹೊರಬಹುದು, ಸುತ್ತಿಗೆ ಎತ್ತಿ ಕೊಡಬಹುದು. ಅಡಿಗಲ್ಲಿಗೆ ಮಾತ್ರ ಕೈ ತಾಗಬಾರದು. ಅವ್ವ ಕಸ ಗುಡಿಸುವಾಗ ಅದರ ಸುತ್ತ ಒಂದು ಗೇಣು ಜಾಗ ಹಾಗೇ ಬಿಡುತ್ತಿದ್ದಳು. ಆ ಗೇಣಿನ ಕಸವನ್ನು ಅಪ್ಪನೇ ತೆಗೆಯಬೇಕು.

ಮಂಡಿನೋವು ಹೆಚ್ಚಾಗಿ ಅಪ್ಪ ಕುಲುಮೆ ಮುಚ್ಚುತ್ತೇನೆ ಅಂದಾಗ, ಅಡಿಗಲ್ಲು ನನಗೆ ಕೊಡು ಅಂತ ಬಾಯಿಬಿಟ್ಟು ಕೇಳಿದೆ. ನನಗೆ ಅಣ್ಣತಮ್ಮಂದಿರಿಲ್ಲ. ಇಪ್ಪತ್ತು ವರ್ಷದಿಂದ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತವಳು, ಮನೆಯಲ್ಲಿ ಕಬ್ಬಿಣ ಹಿಡಿದವಳು ಇನ್ನು ನಾನೊಬ್ಬಳೇ. ಹೆಣ್ಣುಮಕ್ಕಳಿಗೆ ಅದು ಹೋಗೋದಿಲ್ಲ ಅಂದುಬಿಟ್ಟ. ನನಗೆ ಕೊಡಲೊಲ್ಲದವನು ವೈಟ್‌ಫೀಲ್ಡಿನ ಒಂದು ಆಫೀಸಿಗೆ ಕೊಡಲು ಒಪ್ಪಿಕೊಂಡ. ಅಲ್ಲಿ ಬಾಗಿಲ ಹತ್ತಿರ ಗಾಜಿನ ಮೇಜಿನ ಮೇಲಿಟ್ಟು, ಕೆಳಗೆ ಮಾಡಿದವರ ಹೆಸರು ಹಾಕುತ್ತಾರಂತೆ. ಅಜ್ಜನ ಹೆಸರನ್ನು ನಾಕು ಜನ ಓದುತ್ತಾರೆ ಅಂತ ಅಪ್ಪನಿಗೆ ಹಿಗ್ಗು. ನನಗೆ ಮೈಯೆಲ್ಲ ಉರಿ. ಕಾಫಿ ಕಪ್ಪು ಹಿಡಿದು ಓಡಾಡುವವರು ಅದರ ಮೇಲೆ ಬೆರಳಾಡಿಸಬಹುದು, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮುಟ್ಟಬಾರದು. ಮೂರು ವಾರ ಅಪ್ಪನ ಜೊತೆ ಮಾತು ಬಿಟ್ಟೆ.

ಒಯ್ಯುವ ಆ ಭಾನುವಾರ ತಡೆಯಲಾಗದೆ ಕುಲುಮೆಗೆ ಹೋದೆ. ಆಫೀಸುಗಳನ್ನು ಅಂದಗೊಳಿಸುವ ಕೆಲಸದ ಒಬ್ಬ ಯುವಕ ಬಂದಿದ್ದ. ಕೊರಡಿಗೆ ಹುಳ ಹತ್ತಿದೆ, ಕಬ್ಬಿಣ ಮಾತ್ರ ಸಾಕು ಅಂದ. ಕೊರಡಿನ ಸಮೇತ ಒಯ್ಯಿರಿ ಅಂತ ಅಪ್ಪ ಹಟ ಹಿಡಿದ. ಒಂದಲ್ಲ, ಮೂರು ಸಲ ಹೇಳಿದ. ಪಾಪ, ಕರುಳು ಎಳೀತಿದೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ಪಕ್ಕದ ವೆಲ್ಡಿಂಗ್ ಅಂಗಡಿಯ ಇಬ್ಬರು ಬಂದು ಬೆಣೆ ಹೊಡೆದರು. ಕೊರಡು ಸೀಳಿ, ಅಡಿಗಲ್ಲು ಪಕ್ಕಕ್ಕೆ ಉರುಳಿತು. ಆ ಯುವಕ ತಳವನ್ನು ಒರೆಸಿ ಮೊಬೈಲಿನ ಬೆಳಕು ಬಿಟ್ಟ. "ಸಾರ್, ಇಲ್ಲೇನೋ ಮಾರ್ಕ್ ಇದೆ ನೋಡಿ" ಅಂದ.

ನಾನೂ ಬಗ್ಗಿದೆ. ಅಜ್ಜ ಮಾಡಿದ ಕುಡುಗೋಲು, ಕೊಡಲಿ ಎಲ್ಲದರ ಮೇಲೂ ಅರ್ಧಚಂದ್ರದ ಗುರುತಿರುತ್ತದೆ. ಇಲ್ಲಿ ಅದಿರಲಿಲ್ಲ. ಉಳಿಯಿಂದ ಕುಟ್ಟಿದ ಐದು ಚುಕ್ಕಿ ಇದ್ದವು, ಅವುಗಳ ಕೆಳಗೆ ತೊಟ್ಟಿಲಿನ ಹಾಗೆ ಬಾಗಿದ ಒಂದು ಗೆರೆ.

ಅದು ನಮ್ಮಜ್ಜಿಯ ಹಚ್ಚೆ. ಅಪ್ಪನ ತಾಯಿ ಅವಳು, ಬಲ ಮುಂಗೈ ಮೇಲೆ ಇದೇ ಐದು ಚುಕ್ಕಿ, ಇದೇ ಗೆರೆ. ಆ ಕೈ ಮೇಲೆ ತಲೆಯಿಟ್ಟು ಚುಕ್ಕಿ ಎಣಿಸುತ್ತ ನಿದ್ದೆ ಹೋಗುತ್ತಿದ್ದವಳು ನಾನು. ಒಮ್ಮೆ ಆಡುತ್ತ ಆಡುತ್ತ ಅಡಿಗಲ್ಲು ಹಿಡಿದುಕೊಂಡೆ ಅಂತ ಚಟೀರನೆ ಹೊಡೆದದ್ದೂ ಅದೇ ಕೈ.

"ಅಪ್ಪಾ, ಇದು ಅಜ್ಜಿ ಹಚ್ಚೆ."

"ಹೌದು" ಅಂದ. ಅಷ್ಟೇ. ಬೆಚ್ಚಲಿಲ್ಲ, ತಳ ನೋಡಲು ಬಗ್ಗಲೂ ಇಲ್ಲ.

ಆಮೇಲೆ ಗೋಡೆಗೆ ಒರಗಿ ನಿಂತು ಹೇಳಿದ. ಅಜ್ಜನ ಬಲಗೈ ಚಕ್ಕಡಿ ಉರುಳಿ ಮುರಿದ ವರ್ಷ, ಹಳೆಯ ಅಡಿಗಲ್ಲೂ ಬಿರುಕು ಬಿಟ್ಟಿತ್ತಂತೆ. ಅಜ್ಜಿ ಮುರುಕು ಕಬ್ಬಿಣವನ್ನೆಲ್ಲ ಒಟ್ಟು ಹಾಕಿ, ತನ್ನ ತಮ್ಮನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟು, ತಾನೇ ಇಕ್ಕಳ ಹಿಡಿದು ಕೂತಳಂತೆ. ತಿದಿ ಒತ್ತಿದ್ದು ಅಪ್ಪನೇ. ಎಲ್ಲ ಕಣ್ಣಾರೆ ಕಂಡಿದ್ದಾನೆ. ಹೆಂಗಸು ಮಾಡಿದ ಅಡಿಗಲ್ಲಿನ ಮೇಲೆ ನೇಗಿಲ ಕುಳ ಬಡಿಸಲು ಊರವರು ಬರಲಿಕ್ಕಿಲ್ಲ ಅಂತ, ಕೈ ನೆಟ್ಟಗಾದ ಮೇಲೆ ಅಜ್ಜ ಅದು ತನ್ನದೇ ಅಂತ ಹೇಳಿಕೊಂಡ. ಅಜ್ಜಿಯೂ ಹೂಂ ಅಂದಳು.

ಮತ್ತೆ ಆ ನೇಮ? ಯಾವುದೋ ಕಾಲದಿಂದ ಬಂದದ್ದು, ದೇವರ ಕಟ್ಟಳೆ ಅಂತ ನಂಬಿಕೊಂಡಿದ್ದೆನಲ್ಲ? ಯಾವಾಗಿನದು ಅದು ಅಂತ ಕೇಳಿದೆ.

"ಅವತ್ತಿಂದನ. ನಮ್ಮಪ್ಪ ಹಾಕಿದ್ದು" ಅಂದ ಅಪ್ಪ. "ಹೆಣ್ಣು ಮುಟ್ಟಬಾರದ್ದನ್ನ ಹೆಣ್ಣೇ ಮಾಡ್ಯಾಳ ಅಂತ ಯಾರು ಅಂತಾರ ಹೇಳು."

ನಾನು ಬೈಯಬೇಕಿತ್ತು. ಬೈಗುಳಕ್ಕೆ ಬರವಿರುವ ಬಾಯಲ್ಲ ನನ್ನದು. ಆವತ್ತು ಬಗ್ಗಿ ಆ ಚುಕ್ಕಿಗಳನ್ನು ಕಣ್ಣಲ್ಲೇ ಮತ್ತೆ ಎಣಿಸಿದೆ. ಮಾಡಿದವಳೇ ಜೀವಮಾನವಿಡೀ ಅದನ್ನು ಮುಟ್ಟದೆ ಇದ್ದಳು, ಮುಟ್ಟಿದ ಮೊಮ್ಮಗಳನ್ನು ಹೊಡೆದಳು. ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಯುವಕ ಪಾಪ, ಇದೊಂದೂ ಅರ್ಥವಾಗದೆ ಮೊಬೈಲ್ ಹಿಡಿದು ನಿಂತಿದ್ದ. ಮಾಡಿದವರ ಹೆಸರು ಏನಂತ ಹಾಕಿಸಲಿ ಅಂದ. ಅಪ್ಪ ಬಾಯಿ ತೆರೆಯುವ ಮೊದಲೇ, ಅಜ್ಜಿ ಹೆಸರು ಬರ್ಕೊಳ್ಳಿ ಅಂದೆ. ಅಂದವಳು ಅಲ್ಲೇ ನಿಂತೆ. ನನಗೆ ಅವಳ ಹೆಸರು ಗೊತ್ತಿರಲಿಲ್ಲ. ನಮಗೆಲ್ಲ ಅಜ್ಜಿ, ಊರಿಗೆ ಕಮ್ಮಾರರ ಮನೆಯಾಕಿ. ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ನೋಡಿದೆ. ಅವಳೂ ತಲೆಯಾಡಿಸಿದಳು, ಅವಳಿಗೆ ಅತ್ತಿ ಅನ್ನೋದೊಂದೇ ಗೊತ್ತು.

ಅಪ್ಪ ಹೆಸರು ಹೇಳಿದ. ಯುವಕನಿಗಲ್ಲ, ನನಗೆ, ಮೆಲ್ಲಗೆ. ಯುವಕ ಟೈಪ್ ಮಾಡತೊಡಗಿದಾಗ, ಬರ್ಕೋಬ್ಯಾಡ್ರಿ, ಇದನ್ನ ಕೊಡೂದಿಲ್ಲ ಅಂದ. ನನ್ನ ಕಡೆ ತಿರುಗಿ, "ಒಯ್ಯಿ" ಅಂದ.

ಎತ್ತಲು ಬಗ್ಗಿದೆ. ಆ ನೇಮ ಸುಳ್ಳು ಅಂತ ಈಗಷ್ಟೇ ಕೇಳಿದ್ದೇನೆ, ಅಡಿಗಲ್ಲು ನನಗೇ ಬಂದಿದೆ, ಆದರೂ ಕೈ ಮುಂದೆ ಹೋಗಲೊಲ್ಲದು. ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ನನ್ನ ಕೈಯೇ, ನನ್ನ ಮಾತು ಕೇಳುತ್ತಿಲ್ಲ.

ಅವ್ವ ಚಹಾದ ಲೋಟ ಕೆಳಗಿಟ್ಟು ಬಂದಳು. ಎರಡೂ ಅಂಗೈಯನ್ನು ಅದರ ಮೇಲೆ ಊರಿದಳು. "ಆ ಕಡೆ ನೀ ಹಿಡಿ" ಅಂದಳು.